ಹಳೇ ಲಾರಿಯ ಪೆಟ್ರೋಲ್ ಬಾಯಿ

ಉಡುಪಿ ಕಡೆಯವರು ಎಂದ ಕೂಡಲೇ ಡೊಂಬಿವಲಿಯಲ್ಲಿ ಎದುರಿನವರು ಕೇಳುವುದು ಒಂದೇ ಪ್ರಶ್ನೆ: ‘ಯಾವ ಹೋಟೆಲು?’ ಹೋಟೆಲಲ್ಲ, ಗ್ಯಾರೇಜು ಎಂದರೆ ಅವರ ಮುಖ ತುಸು ಇಳಿಯುತ್ತದೆ. ನಮ್ಮೂರಿನವರ ಸಂಘದ ಸಮಾರಂಭಗಳಲ್ಲಿ ಹೋಟೆಲಿನವರು ಮುಂದಿನ ಸಾಲಿನಲ್ಲಿ, ಆಫೀಸಿನವರು ನಡುವೆ, ನಾವಿಬ್ಬರು ಅಣ್ಣತಮ್ಮಂದಿರು ಊಟದ ಬಾಗಿಲ ಹತ್ತಿರ. ನನಗೆ ಇದು ಯಾವಾಗಲೂ ಚುಚ್ಚುತ್ತಿತ್ತು. ಅಣ್ಣನಿಗೆ ಇಲ್ಲ. ‘ಊಟಕ್ಕೆ ಹತ್ತಿರ ಕೂತವನೇ ಬುದ್ಧಿವಂತ ಮಾರಾಯ’ ಎಂದು ನಗುತ್ತಿದ್ದ.

ರಬಾಳೆಯಲ್ಲಿ ನಮ್ಮದೊಂದು ಶೆಡ್ಡು. ಗುದ್ದಿಸಿಕೊಂಡು ಬಂದ ಗಾಡಿಗಳ ತಗಡನ್ನು ಬಡಿದು ಸರಿ ಮಾಡುವ ಡೆಂಟಿಂಗ್ ಕೆಲಸ. ಕೈ ಅಣ್ಣನದು, ಬಾಯಿ ನನ್ನದು. ಗಿರಾಕಿಗಳ ಜೊತೆ ಮಾತಾಡುವುದು, ಸಾಮಾನು ತರುವುದು, ಬಣ್ಣ ಹೊಡೆಯುವವನಿಗೆ ಬೈಯುವುದು ನನ್ನ ಪಾಲು. ಅಣ್ಣ ಭಿವಂಡಿಯ ಒಬ್ಬ ಉಸ್ತಾದರ ಕೈಕೆಳಗೆ ಹನ್ನೊಂದು ವರ್ಷ ಲಾರಿಗಳ ತಗಡು ಬಡಿದು ಕಲಿತವನು. ನನಗೆ ಗ್ಯಾಸ್ ವೆಲ್ಡಿಂಗ್ ಕಲಿಸಿದ್ದೂ ಅವನೇ. ನಾನು ಅದನ್ನು ಅರ್ಧ ಕಲಿತೆ. ಉಳಿದ ಅರ್ಧಕ್ಕೆ ಪುಟ್ಟಿ ಹಚ್ಚುತ್ತಿದ್ದೆ.

ಪುಟ್ಟಿಯೆಂದರೆ ತಗಡಿನ ತಗ್ಗಿಗೆ ಮೆತ್ತುವ ಹಿಟ್ಟು. ಒಣಗಿದ ಮೇಲೆ ತಿಕ್ಕಿ ನುಣ್ಣಗೆ ಮಾಡಿ ಬಣ್ಣ ಹೊಡೆದರೆ ಯಾವ ಕಣ್ಣಿಗೂ ಗೊತ್ತಾಗುವುದಿಲ್ಲ. ಅದರ ಡಬ್ಬ ಕಂಡರೇ ಅಣ್ಣನಿಗೆ ಮೈ ಉರಿಯುತ್ತಿತ್ತು. ‘ಕಣ್ಣಿಗೆ ಮೋಸ ಮಾಡುವುದು ಎಂತ ದೊಡ್ಡ ವಿಷಯ? ತಟ್ಟಿ ನೋಡು. ತೆಂಗಿನಕಾಯಿ ತಟ್ಟಿದ ಹಾಗೆ. ಒಳಗೆ ಎಂತ ಉಂಟು ಅಂತ ಅದೇ ಹೇಳ್ತದೆ’ ಎನ್ನುತ್ತಿದ್ದ. ಕೆಲಸ ಮುಗಿದ ಪ್ರತಿ ಗಾಡಿಗೂ ಬೆರಳ ಗಿಣ್ಣಿನಿಂದ ತಟ್ಟಿ ಕಿವಿ ಕೊಡುತ್ತಿದ್ದ. ಠಣ್ ಎಂದರೆ ಚಹಾ ಕುಡಿಯುವುದು. ದಬ್ ಎಂದರೆ ನನಗೆ ಮಂಗಳಾರತಿ. ಒಮ್ಮೆ ಗಿರಾಕಿಯ ಎದುರಿಗೇ ನಾನು ಹಚ್ಚಿದ್ದನ್ನೆಲ್ಲ ಕೆರೆದು ಬಿಸಾಡಿದ. ನಾನು ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಅವನಿಗೆ ಅದು ಗೊತ್ತೇ ಆಗಲಿಲ್ಲ.

ಅಣ್ಣನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದದ್ದು ತಿಳಿಯುವಾಗ ತಡವಾಗಿತ್ತು. ಠಾಣೆಯ ಡಾಕ್ಟರು ಕಣ್ಣಿಗೇ ಸೂಜಿ ಚುಚ್ಚುತ್ತಿದ್ದರು. ಹೋದದ್ದು ಬರುವುದಿಲ್ಲ, ಇದ್ದದ್ದು ಉಳಿದರೆ ಪುಣ್ಯ ಎಂದಿದ್ದರು. ಎದುರಿಗಿದ್ದದ್ದು ಅವನಿಗೆ ಹೊಗೆ ಹೊಗೆ, ಪಕ್ಕದಲ್ಲಿದ್ದದ್ದು ಅಷ್ಟಿಷ್ಟು ಕಾಣುತ್ತಿತ್ತು. ಬೆರಳುಗಳ ತುದಿಯೂ ಮರಗಟ್ಟಿತ್ತು. ಒಂದು ದಿನ ಆಗಷ್ಟೇ ಬೆಂಕಿಯಲ್ಲಿ ಕೊಯ್ದ ತಗಡನ್ನು ಹಿಡಿದುಕೊಂಡು ನಿಂತಿದ್ದ. ನಾನು ಕೂಗುವವರೆಗೆ ಕೈ ಸುಡುತ್ತಿರುವುದು ಅವನಿಗೆ ತಿಳಿದಿರಲಿಲ್ಲ.

ಬೆಳಿಗ್ಗೆ ಡೊಂಬಿವಲಿಯಿಂದ ಲೋಕಲ್ ಹಿಡಿದು, ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ ಆ ಕಡೆಗೆ ಹೋಗಿ ರಬಾಳೆಯ ಗಾಡಿ ಹತ್ತಬೇಕು. ಆ ಸೇತುವೆಯ ಮೇಲೆ ಅಣ್ಣ ನನ್ನ ಎಡಭುಜಕ್ಕೆ ಕೈ ಹಾಕುತ್ತಿದ್ದ. ನೋಡಿದವರು ಇಬ್ಬರು ಗೆಳೆಯರು ಎಂದುಕೊಳ್ಳಬೇಕು, ಹಾಗೆ ಹಗುರವಾಗಿ. ಮೆಟ್ಟಿಲು ಬಂದಾಗ ನಾನು ಭುಜವನ್ನು ಸ್ವಲ್ಪ ತಗ್ಗಿಸುತ್ತಿದ್ದೆ. ಅದರ ಬಗ್ಗೆ ನಾವು ಒಂದು ದಿನವೂ ಮಾತಾಡಲಿಲ್ಲ.

ಮಾತಾಡುತ್ತಿದ್ದವರು ಅತ್ತಿಗೆ. ಅವರು ಧಾರವಾಡದವರು, ಅವರಿಂದಾಗಿಯೇ ನಮ್ಮ ಮನೆಯಲ್ಲಿ ತುಳು ಹೋಗಿ ಕನ್ನಡ ಬಂದದ್ದು. ‘ಸಾಕು ಬಿಡ್ರಿ ಇನ್ನ. ಕಣ್ಣು ಕಾಣದವರಿಗೆ ಬೆಂಕಿ ಮುಂದ ಏನ್ ಕೆಲಸ?’ ಎಂದು ದಿನವೂ ಡಬ್ಬಿ ಕಟ್ಟುವಾಗ ಹೇಳುತ್ತಿದ್ದರು. ಕಡೆಗೊಂದು ರವಿವಾರ ಊಟಕ್ಕೆ ಕುಳಿತಾಗ ಅಣ್ಣ ಅವರಿಗೆ ಮಾತು ಕೊಟ್ಟ. ‘ಇನ್ನೊಂದು ಕೆಲಸ ನಾನೊಬ್ಬನೇ ಮಾಡ್ತೇನೆ. ಅದು ಸರಿ ಬಂದ್ರೆ ಹೋಗ್ತಾ ಇರ್ತೇನೆ. ಬಾರದಿದ್ರೆ ಮನೆಯಲ್ಲಿ ಕೂತ್ಕೊಳ್ತೇನೆ. ಆದ್ರೆ ಸರಿ ಬಂತೋ ಇಲ್ವೋ ಅಂತ ಹೇಳುವವ ನಾನೇ.’ ಅತ್ತಿಗೆ ನನ್ನ ಮುಖ ನೋಡಿದರು. ನಾನು ಸಾರು ಕಲಸಿಕೊಂಡೆ.

ಮರುದಿನ ಬೆಳಿಗ್ಗೆಯೇ ಲಾರಿ ಬಂತು. ಘೋಡಬಂದರ್ ರಸ್ತೆಯಲ್ಲಿ ಹೊಸ ಹೋಟೆಲು ತೆರೆಯುತ್ತಿದ್ದ ನಮ್ಮ ಕಡೆಯ ಮಾಲೀಕರೊಬ್ಬರು ಅದನ್ನು ಭಿವಂಡಿಯ ಗೋದಾಮೊಂದರ ಹಿತ್ತಲಲ್ಲಿ ಕಂಡು ಕೊಂಡಿದ್ದರು. ಮುಂದಕ್ಕೆ ಮೂತಿ ಚಾಚಿದ, ದುಂಡು ಮೈಯ ಹಳೇ ಲಾರಿ. ಹೋಟೆಲಿನ ಮುಂದೆ ನಿಲ್ಲಿಸಿ ಅದರೊಳಗೆ ಕಾಫಿ ಕೌಂಟರ್ ಮಾಡುತ್ತಾರಂತೆ, ಜನ ಫೋಟೋ ತೆಗೆಸಿಕೊಳ್ಳಲಿ ಎಂದು. ತಲೆಮಾರುಗಟ್ಟಲೆ ಹೊರೆ ಹೊತ್ತದ್ದಕ್ಕೆ ಕಡೆಗೆ ಸಿಕ್ಕಿದ್ದು ಕಾಫಿ ಮಾರುವ ಭಾಗ್ಯ! ಇಲ್ಲೇ ಹುಟ್ಟಿ ಬೆಳೆದ ಮಾಲೀಕರು ಅಣ್ಣನ ಹೆಸರು ಕೇಳಿಯೇ ಬಂದಿದ್ದರು.

ಲಾರಿಯ ಮೈ ಹೆಚ್ಚುಕಡಿಮೆ ಚೆನ್ನಾಗಿಯೇ ಇತ್ತು. ಡ್ರೈವರ್ ಬಾಗಿಲ ಹಿಂದೆ ಒಂದು ತೂತಿತ್ತು, ಚಹಾದ ತಟ್ಟೆಯಷ್ಟು ಅಗಲ. ಮೊದಲು ಅದು ಪೆಟ್ರೋಲ್ ಗಾಡಿ. ಟ್ಯಾಂಕು ಸೀಟಿನ ಹಿಂದೆ ಕ್ಯಾಬಿನ್ ಒಳಗೇ ಇತ್ತು, ಪೆಟ್ರೋಲ್ ಹಾಕುವ ಬಾಯಿ ಹೊರಮೈಯಲ್ಲಿ. ಆಮೇಲೆ ಯಾರೋ ಡೀಸೆಲ್ ಎಂಜಿನ್ ಕೂರಿಸಿ, ಆ ಟ್ಯಾಂಕನ್ನು ಕಿತ್ತು, ಬೇರೆಯದನ್ನು ಕೆಳಗೆ ಕಟ್ಟಿದ್ದಾರೆ. ಬಾಯಿ ಮಾತ್ರ ಗೋಣಿಯ ತುಂಡೊಂದನ್ನು ತುರುಕಿಸಿಕೊಂಡು ಉಳಿದಿದೆ. ‘ಅಂಕಲ್, ಇದು ಏಕ್‌ದಮ್ ಬಂದ್ ಆಗ್ಬೇಕು. ಪಹಲೇ ಥಾ ಹೀ ನಹೀ, ಇರ್ಲೇ ಇಲ್ಲ ಅಂತ ಅನ್ನಿಸ್ಬೇಕು’ ಎಂದರು ಮಾಲೀಕರು. ಶನಿವಾರ ಬರುತ್ತೇನೆ ಎಂದು ಹೇಳಿ ಹೋದರು.

ಅಣ್ಣ ಗೋಣಿಯನ್ನು ಎಳೆದು ತೆಗೆದು, ತೂತಿಗೆ ಮೂಗಿಟ್ಟು ಮೂಸಿದ. ಟ್ಯಾಂಕಿಲ್ಲದಿದ್ದರೂ ಹಾಗೆ ಮೂಸದೆ ಬೆಂಕಿ ಹಚ್ಚುವವನಲ್ಲ. ‘ಇದನ್ನು ನಾನೇ ಮಾಡ್ತೇನೆ’ ಎಂದ. ಯಾವ ಕೆಲಸವನ್ನು ಅವನು ಪರೀಕ್ಷೆಗೆ ಆರಿಸಿಕೊಂಡ ಎಂದು ನನಗೆ ಅರ್ಥವಾಯಿತು. ನೇರ ತಗಡಾಗಿದ್ದರೆ ಬೇರೆ ಮಾತು. ಇದು ಎರಡು ಕಡೆಗೆ ಬಾಗಿದ ಜಾಗ.

ಹಳೇ ಕ್ಯಾಲೆಂಡರಿನ ಹಾಳೆಯನ್ನು ತೂತಿನ ಮೇಲಿಟ್ಟು, ಗ್ರೀಸ್ ಹತ್ತಿದ ಅಂಗೈಯಿಂದ ಉಜ್ಜಿದ. ಅಂಚಿನ ಗುರುತು ಕರ್ರಗೆ ಮೂಡಿತು. ಹೊಸ ತಗಡು ಕೊಡಹೋದರೆ ಬೇಡ ಎಂದ. ‘ಹಳತಕ್ಕೆ ಹಳತೇ ಸೇರಬೇಕು. ಹೊಸತು ಬಿಸಿಗೆ ಬೇರೆ ಥರ ಎಳೀತದೆ.’ ಮೂಲೆಯಲ್ಲಿ ಬಿದ್ದಿದ್ದ ಯಾವುದೋ ಮುರುಕು ಬಾನೆಟ್ಟಿನಿಂದ ತುಂಡು ಕತ್ತರಿಸಿಕೊಂಡ. ಸೋಮವಾರ ಇಡೀ ದಿನ ಅದನ್ನು ಬಡಿದು ಬಾಗಿಸುವುದರಲ್ಲಿ ಹೋಯಿತು. ಮಂಗಳವಾರ ಬೆಸುಗೆಗೆ ಕುಳಿತ. ಒಂದು ಚುಕ್ಕೆ ಇಲ್ಲಿ, ಒಂದು ಎದುರು ಬದಿಯಲ್ಲಿ, ನಡುವೆ ಒದ್ದೆ ಬಟ್ಟೆ ಒತ್ತಿ ತಣಿಸುವುದು. ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕಾಣುವ ಓರೆಯಿಂದ ಬೆಂಕಿಯನ್ನು ನೋಡುತ್ತಿದ್ದ. ಬೆಸುಗೆಯ ತಂತಿ ಎರಡು ಸಲ ಜಾಗ ತಪ್ಪಿತು. ನಾನು ಹೊರಗೆ ಹೋಗಿ ನಿಂತೆ.

ಬುಧವಾರ ಅವನಿಗೆ ಕಣ್ಣಿನ ಆಸ್ಪತ್ರೆ. ಅತ್ತಿಗೆ ಕರೆದುಕೊಂಡು ಹೋದರು. ಶೆಡ್ಡಿನಲ್ಲಿ ನಾನೊಬ್ಬನೇ. ಬೆಳಗಿನ ಬೆಳಕಿನಲ್ಲಿ ಆ ತುಂಡನ್ನು ನೋಡಿ ಅಲ್ಲೇ ಕುಳಿತುಬಿಟ್ಟೆ. ಕೆಳಗೆ ಒಂದು ಕಡೆ ಸುಟ್ಟು ಬಟಾಣಿಯಷ್ಟು ತೂತಾಗಿತ್ತು. ಮೇಲಿನ ಬದಿಯಲ್ಲಿ ಬೆಂಕಿಕಡ್ಡಿ ತೂರುವಷ್ಟು ಸಂದು, ಅಲ್ಲಿ ಬೆಸುಗೆಯೇ ಬಿದ್ದಿರಲಿಲ್ಲ. ತುಂಡು ಒಳಕ್ಕೆ ಒಂದಿಷ್ಟು ಕುಸಿದಿತ್ತು. ನನ್ನ ಅಣ್ಣನ ಕೈಯಿಂದ ಇಂಥ ಕೆಲಸ ಬಂದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

ಹೀಗೇ ಬಿಟ್ಟರೆ ಗುರುವಾರ ಅವನೇ ಸವರಿ ನೋಡಿ, ಸರಿ ಬರಲಿಲ್ಲ, ಇಲ್ಲಿಗೆ ಮುಗಿಯಿತು ಎಂದು ಕೈ ತೊಳೆದುಕೊಂಡು ಮನೆ ಸೇರುತ್ತಾನೆ. ಅವನಿಲ್ಲದ ಶೆಡ್ಡನ್ನು ಊಹಿಸಲು ನನ್ನಿಂದಾಗಲಿಲ್ಲ. ಅವನು ಬರುತ್ತಿರಲಿ, ಸ್ಟೂಲಿನ ಮೇಲೆ ಕುಳಿತು ನನಗೆ ಬೈಯುತ್ತಿರಲಿ, ಅಷ್ಟು ಸಾಕಿತ್ತು. ಗ್ರೈಂಡರ್ ಹಾಕಿ ಆ ತುಂಡನ್ನು ಸುತ್ತ ಕೊಯ್ದು ತೆಗೆದೆ. ಹೊಸ ತಗಡು ಕತ್ತರಿಸಿ ಮಿಷನ್ನಿನಲ್ಲಿ ಬೆಸೆದೆ. ಬಿಸಿಗೆ ಅದು ಎಳೆದು ಸೊಟ್ಟಗಾಯಿತು, ಅಣ್ಣ ಹೇಳಿದ್ದ ಹಾಗೆಯೇ. ತಗ್ಗು ಬಿದ್ದಲ್ಲಿ ಪುಟ್ಟಿ ಮೆತ್ತಿ, ತಿಕ್ಕಿ, ಬೂದು ಪ್ರೈಮರ್ ಹೊಡೆದುಬಿಟ್ಟೆ. ಮಧ್ಯಾಹ್ನ ಭಂಗಾರಿಯವನು ಬಂದಾಗ ಹಳೆಯ ತುಂಡನ್ನು ಉಳಿದ ಗುಜರಿಯ ಜೊತೆ ಅವನ ಗಾಡಿಗೆ ಎಸೆದೆ.

ಗುರುವಾರ, ಶುಕ್ರವಾರ ಕಣ್ಣಿನ ನೋವಿನಿಂದ ಅಣ್ಣ ಬರಲಿಲ್ಲ. ನಾನು ಮನೆಗೆ ಹೋಗಿ ಸುಳ್ಳು ಹೇಳಿದೆ. ‘ನೀನು ಬೆಸೆದದ್ದನ್ನು ತಿಕ್ಕಿ ಪ್ರೈಮರ್ ಹೊಡೆದಿದ್ದೇನೆ ಅಣ್ಣ. ಚೆಂದ ಬಂದಿದೆ.’ ಅವನು ಏನನ್ನೋ ಹೇಳಲು ಹೊರಟು ಸುಮ್ಮನಾದ. ಆಮೇಲೆ, ‘ಹೌದಾ?’ ಎಂದ. ಆ ‘ಹೌದಾ’ದಲ್ಲಿ ಎಷ್ಟು ಆಸೆ ಇತ್ತು ಎಂದರೆ ನಾನು ಗೆದ್ದೆ ಎಂದೇ ಅಂದುಕೊಂಡೆ.

ಶನಿವಾರ ಮಾಲೀಕರು ಬಂದರು. ಬಾಗಿಲ ಹಿಂದೆ ಕೈಯಾಡಿಸಿ, ‘ಕ್ಯಾ ಬಾತ್ ಹೈ ಅಂಕಲ್! ಹೋಲ್ ಎಲ್ಲಿತ್ತು ಅಂತಾನೇ ಗೊತ್ತಾಗೋದಿಲ್ಲ’ ಎಂದರು. ಅಣ್ಣ ಮುಂದೆ ಬಂದು ಅಂಗೈಯನ್ನು ಚಪ್ಪಟೆಯಾಗಿ ತಗಡಿನ ಮೇಲಿಟ್ಟು ನಿಧಾನವಾಗಿ ಸವರಿದ. ಮರಗಟ್ಟಿದ ಕೈ. ಮೇಲೆ, ಕೆಳಗೆ, ಮತ್ತೆ ಮೇಲೆ. ತಲೆಯಾಡಿಸಿದ. ಮುಖ ಅರಳಿತು. ನಾನು ಉಸಿರು ಬಿಟ್ಟೆ.

ಆಮೇಲೆ ಅವನು ಬೆರಳು ಮಡಿಸಿ ತಟ್ಟಿದ.

ಕಣ್ಣು ಹೋಗಿದೆ, ಬೆರಳು ಹೋಗಿದೆ ಎಂದು ಲೆಕ್ಕ ಹಾಕಿದ್ದ ನಾನು ಕಿವಿಯನ್ನು ಮರೆತಿದ್ದೆ. ಅವನ ಜೊತೆ ಇಷ್ಟು ವರ್ಷ ಕಳೆದವನು, ದಿನವೂ ಅದೇ ತಟ್ಟುವಿಕೆಗೆ ಬೈಸಿಕೊಂಡವನು, ನಾನು ಮರೆತಿದ್ದೆ! ಅವನು ಒಂದು ಗೇಣು ಪಕ್ಕಕ್ಕೆ ಸರಿದು ತಟ್ಟಿದ, ಠಣ್ ಎಂದಿತು. ಮತ್ತೆ ಮೊದಲಿನ ಜಾಗಕ್ಕೆ ಬಂದು ತಟ್ಟಿದ. ದಬ್. ಮೂರನೆಯ ಸಲ ತಟ್ಟಲಿಲ್ಲ. ಕೆರೆದು ಬಿಸಾಡುತ್ತಾನೆ, ಈಗ ಬೈಯುತ್ತಾನೆ ಎಂದು ನಾನು ಕಾದೆ. ಬೈದಿದ್ದರೆ ಬದುಕುತ್ತಿದ್ದೆ. ಅವನು ಮಾಲೀಕರ ಕಡೆ ತಿರುಗಿ, ‘ನನ್ನದಲ್ಲ. ನನ್ನ ತಮ್ಮ ಮಾಡಿದ್ದು. ಒಳ್ಳೆ ಮಾಡಿದ್ದಾನೆ’ ಎಂದ. ಮಾಲೀಕರು ನನ್ನ ಬೆನ್ನು ತಟ್ಟಿದರು.

ಸಂಜೆ ರಬಾಳೆಯಿಂದ ಗಾಡಿ ಹತ್ತಿದೆವು. ಕುಳಿತುಕೊಳ್ಳಲು ಜಾಗ ಸಿಕ್ಕಿತು. ಐರೋಳಿ ದಾಟಿದ ಮೇಲೆ ಅಣ್ಣ ಕೇಳಿದ, ‘ನನ್ನ ತುಂಡು ಎಲ್ಲಿ?’

‘ಭಂಗಾರಿಗೆ ಹೋಯ್ತು.’

‘ಓ. ಮೇಲಿನ ಬದಿ ಬೇಕಂತಲೇ ಬಿಟ್ಟಿದ್ದೆ. ಬಾಗಿದ ಜಾಗ ಅಲ್ವಾ, ಎರಡು ದಿನ ತಣ್ಣಗೆ ಕೂತ ಮೇಲೆ ಒಳಗಿಂದ ಬಡಿದು ಎತ್ತಿ ಕೊನೆಗೆ ಬೆಸೆಯುವ ಅಂತ. ಉಸ್ತಾದರು ಹಾಗೇ ಮಾಡ್ತಿದ್ದದ್ದು’ ಎಂದ.

‘ಕೆಳಗೆ ತೂತು ಬಿದ್ದಿತ್ತು ಅಣ್ಣ.’

‘ಅದು ಬಿದ್ದಿರಬಹುದು’ ಎಂದು ಕಿಟಕಿಯ ಕಡೆ ತಿರುಗಿದ.

ಅವನು ಹೇಳಿದ್ದು ನಿಜವೋ, ಮಾನ ಉಳಿಸಿಕೊಳ್ಳಲು ಹೇಳಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಂಗಳವಾರದ ಆ ಕೆಲಸ ಕೆಟ್ಟದ್ದಾಗಿರಲಿಲ್ಲ, ಅರ್ಧವಾಗಿತ್ತು ಅಷ್ಟೇ ಎಂದು ಒಂದು ದಿನ ಅನ್ನಿಸುತ್ತದೆ. ಇಲ್ಲ, ಅದು ಕೆಟ್ಟೇ ಹೋಗಿತ್ತು ಎಂದು ಮರುದಿನ ಅನ್ನಿಸುತ್ತದೆ. ಎದುರಿಗಿಟ್ಟುಕೊಂಡು ನೋಡೋಣ ಎಂದರೆ ಆ ತುಂಡು ಯಾವ ಕುಲುಮೆಯಲ್ಲಿ ಕರಗಿತೋ. ಅಣ್ಣ ತನಗೆ ತಾನೇ ಇಟ್ಟುಕೊಂಡ ಪರೀಕ್ಷೆ ಅದು. ಪಾಸೋ ಫೇಲೋ ಎಂದು ಹೇಳುವ ಹಕ್ಕೊಂದನ್ನೇ ಅವನು ಕೇಳಿದ್ದು. ನಾನು ಅದನ್ನೂ ಕಿತ್ತುಕೊಂಡೆ, ಅದೂ ಪ್ರೀತಿಯಿಂದ.

ಠಾಣೆಯಲ್ಲಿ ಇಳಿದೆವು. ಮೆಟ್ಟಿಲ ಬುಡದಲ್ಲಿ ನಾನು ಎಂದಿನಂತೆ ಅವನ ಬಲಕ್ಕೆ ಬಂದು, ಎಡಭುಜ ತಗ್ಗಿಸಿ ನಿಂತೆ. ಅವನು ಕೈ ಚಾಚಿ ಕಂಬಿಯನ್ನು ತಡಕಿ ಹಿಡಿದುಕೊಂಡು ಹತ್ತತೊಡಗಿದ. ಶನಿವಾರದ ಸಂಜೆ, ಜನ ಜಾತ್ರೆ. ಇಳಿಯುವವರು ಅವನನ್ನು ಗುದ್ದಿಕೊಂಡು, ‘ಏ ಕಾಕಾ, ಬಾಜೂಲಾ’ ಎಂದು ಬದಿಗೆ ಸರಿಯಲು ಬೈದುಕೊಂಡು ಹೋದರು. ನಾನು ಒಂದು ಮೆಟ್ಟಿಲು ಹಿಂದೆ ಹತ್ತಿದೆ.

ಸೋಮವಾರ ಅತ್ತಿಗೆ ಒಂದೇ ಡಬ್ಬಿ ಕಟ್ಟಿದರು. ಅವರು, ‘ಹಟ ಮಾಡ್ತಾರ ಅಂತ ತಿಳಕೊಂಡಿದ್ದೆ. ಒಂದ ಮಾತೂ ಆಡಲಿಲ್ಲ ನೋಡ್ರಿ’ ಎಂದು ಅಳತೊಡಗಿದರು. ಈಗ ಆದದ್ದು ಅವರು ಇಷ್ಟು ದಿನ ಬೇಡಿಕೊಂಡದ್ದೇ.

ಈಗ ಒಂದು ವರ್ಷದ ಮೇಲಾಯಿತು. ಲಾರಿ ಘೋಡಬಂದರ್ ರಸ್ತೆಯಲ್ಲಿ ಕೆಂಪು ಬಣ್ಣ ಬಳಿದುಕೊಂಡು ನಿಂತಿದೆ. ನಾನು ಆ ದಾರಿ ಬಳಸುವುದಿಲ್ಲ. ಅಣ್ಣನಿಗೆ ಈಗ ಪಕ್ಕದ್ದೂ ಹೊಗೆಯೇ. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಲೋಕಲ್ಲುಗಳ ಸದ್ದು ಕೇಳುತ್ತ ಕೂರುತ್ತಾನೆ. ಶೆಡ್ಡಿನ ವಿಷಯ ಎತ್ತುವುದಿಲ್ಲ. ಹೋದ ವಾರ ನಾನೇ ಹೋಗಿ ಪಕ್ಕದಲ್ಲಿ ಕುಳಿತೆ. ಒಂದು ಹಳೇ ಜೀಪು ಬಂದಿದೆ ಅಣ್ಣ, ಬಾಗಿಲ ಕೆಳಗೆ ತುಕ್ಕು ತಿಂದು ಅಂಗೈಯಗಲ ಹೋಗಿದೆ, ಬಾಗಿದ ಜಾಗ, ಹೇಗೆ ಮಾಡಲಿ ಎಂದು ಕೇಳಿದೆ. ಬೈಯಲಿ ಎಂದೇ ಕೇಳಿದ್ದು. ಹಳತಕ್ಕೆ ಹಳತೇ ಸೇರಬೇಕು ಎನ್ನುತ್ತಾನೆ, ತಣ್ಣಗೆ ಕೂರಲು ಬಿಡು ಎನ್ನುತ್ತಾನೆ ಎಂದು ಕಾದೆ.

ಅವನು ನನ್ನ ದನಿ ಬಂದ ಕಡೆ ಮುಖ ತಿರುಗಿಸಿದ. ಸಿಟ್ಟಿರಲಿಲ್ಲ.

‘ಪುಟ್ಟಿ ಹಾಕಿಬಿಡು ಮಾರಾಯ’ ಎಂದ. ‘ಯಾರು ತಟ್ಟಿ ನೋಡ್ತಾರೆ?’