ನಾಲ್ಕನೆಯ ತರಗತಿಗೆ ಒಂದು ಪುಟ

ನಾಲ್ಕನೆಯ ತರಗತಿಯ ಮಕ್ಕಳಿಗಾಗಿ ನಮ್ಮ ಜಿಲ್ಲೆಯ ಬಗ್ಗೆ ಒಂದು ಹೆಚ್ಚುವರಿ ಪಾಠ ಬರೆಯಬೇಕೆಂದು ನಮ್ಮನ್ನು ಗದಗಿಗೆ ಕರೆಸಿದ್ದರು. ಒಂದೇ ಪುಟ. ಬೇಗ ಮುಗಿಸಿ ಬೆಟಗೇರಿಯ ನನ್ನ ಮನೆಗೆ ಊಟಕ್ಕೆ ಹೋಗಬಹುದು ಎಂದುಕೊಂಡಿದ್ದೆ.

ನಾನು ಲಕ್ಷ್ಮೇಶ್ವರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ಜೊತೆ ಶಿರಹಟ್ಟಿಯ ಹಿರಿಯ ಮಾಸ್ತರರೊಬ್ಬರಿದ್ದರು. ಪಾಲಕರ ಪರವಾಗಿ ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಯೊಬ್ಬರು ಬಂದಿದ್ದರು. ಎಲ್ಲರ ಮೇಲೆ ಶಿಕ್ಷಣ ಇಲಾಖೆಯ ಒಬ್ಬ ಅಧಿಕಾರಿ.

ನಾನು ಬರೆದು ತಂದದ್ದನ್ನು ಓದಿದೆ. ‘ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿ, ಜೈನ ಬಸದಿಗಳು, ಹಳೆಯ ಮಸೀದಿ ಇವೆ.’ ಅಷ್ಟಕ್ಕೇ ವ್ಯಾಪಾರಿ ಕೈ ಎತ್ತಿದರು.

“ಈ ಮೂರೂ ಒಂದ ಸಾಲಿನ್ಯಾಗ ಯಾಕ್ರಿ ಅಕ್ಕೋರ?”

“ಒಂದ ಊರಾಗ ಅದಾವಲ್ರಿ ಸಾಹುಕಾರ್ರ.”

“ಊರಾಗ ಇರೋದು ಬ್ಯಾರೆ, ಪುಸ್ತಕದಾಗ ಬರೋದು ಬ್ಯಾರೆ.”

ಮಾಸ್ತರರಿಗೆ ಶಿರಹಟ್ಟಿಯ ಮಠ ಕೊನೆಯಲ್ಲಿ ಬಂದದ್ದು ಸರಿಬರಲಿಲ್ಲ. ನಾನು ಬೆಟಗೇರಿಯ ನೇಕಾರರ ಮಗ್ಗದ ಬಗ್ಗೆ ಎರಡು ಸಾಲು ಹಾಕಿದ್ದೆ. ಅವರು ಅದನ್ನೇ ಹಿಡಿದರು. “ಮಗ್ಗ ಈಗೆಲ್ಲಿ ಉಳದಾವ್ರಿ? ಅದನ್ನ ತಗದ್ರ ಮಠಕ್ಕ ಜಾಗ ಆಗತೈತಿ.” ನನ್ನ ಅಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತೇ ಮುದುಕನಾದವನು. ನನ್ನ ದನಿ ಏರಿತು. ಏರಿದ ಮೇಲೆ ನನಗೇ ಕೇಳಿಸಿತು, ನಾನೂ ನನ್ನ ಮನೆಯನ್ನು ಪುಸ್ತಕದೊಳಗೆ ತಳ್ಳಲು ಹೊರಟವಳೇ. ಆದರೂ ಬಿಡಲಿಲ್ಲ.

ಊಟದ ಹೊತ್ತು ಮೀರಿತು. ಅಷ್ಟರವರೆಗೆ ಫೋನಿನಲ್ಲೇ ಇದ್ದ ಅಧಿಕಾರಿ ಹಾಳೆಯನ್ನು ತಮ್ಮತ್ತ ಎಳೆದುಕೊಂಡರು. “ಯಾರೂ ತಕರಾರ ಮಾಡದಂಗ ಇರ್ಲಿ. ನಾಳೆ ಮ್ಯಾಲಿನವರು ಕೇಳಿದ್ರ ಉತ್ತರ ಕೊಡಾಂವ ನಾನು,” ಎಂದು ಕೆಂಪು ಪೆನ್ನು ತೆಗೆದರು. ಗುಡಿ ಹೋಯಿತು, ಬಸದಿ, ಮಸೀದಿ, ಮಠ, ಮಗ್ಗ ಎಲ್ಲ ಹೋದವು. ಯಾರದೂ ಉಳಿಯಲಿಲ್ಲವೆಂಬ ಒಂದು ಕೆಟ್ಟ ಸಮಾಧಾನ ನಮ್ಮ ಮೂವರ ಮುಖದಲ್ಲೂ ಇತ್ತು.

ಕೆಲವು ತಿಂಗಳ ಮೇಲೆ ಪುಟ ಅಚ್ಚಾಗಿ ಶಾಲೆಗೆ ಬಂತು. ‘ನಮ್ಮ ಜಿಲ್ಲೆಯಲ್ಲಿ ಅನೇಕ ಪ್ರಸಿದ್ಧ ಸ್ಥಳಗಳಿವೆ. ಜನರು ಸೌಹಾರ್ದದಿಂದ ಬಾಳುತ್ತಾರೆ.’ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಜೋರಾಗಿ ಓದಿ ಮುಗಿಸಿ, ಹಾಳೆ ತಿರುವಿ ಹಿಂದೆಯೂ ನೋಡಿದಳು. “ಅಕ್ಕೋರ, ಇದರಾಗ ನಮ್ಮೂರ ಎಲ್ಲೈತ್ರಿ?”

ಸೀಮೆಸುಣ್ಣ ಕೈಗೆತ್ತಿಕೊಂಡೆ. “ಇಲ್ಲ. ನೀವ ಹೇಳ್ರಿ, ನಾ ಬರೀತೀನಿ.” ಮಕ್ಕಳು ಕೂಗತೊಡಗಿದರು. ಗುಡಿ, ಮಸೀದಿ, ಬಸದಿ, ಬಸ್‌ಸ್ಟ್ಯಾಂಡ್, ಮುಂಡರಗಿಯ ಅಜ್ಜಿಮನೆ, ಲಕ್ಕುಂಡಿಯ ಬಾವಿ. ಬೋರ್ಡು ತುಂಬುವಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಜಗಳ ಎದ್ದಿತು. “ಲೇ, ನಮ್ಮದ ಮ್ಯಾಲ ಬರಬೇಕಲೇ!” ಗದಗಿನ ಆ ಕೋಣೆಯೇ ಇಲ್ಲಿಗೆ ನಡೆದು ಬಂದ ಹಾಗಾಯಿತು. ಬಿಡಿಸಲಿಕ್ಕೆ ನಾನು ನಡುವೆ ನಿಂತಾಗ ಹೆಡ್‌ಮಾಸ್ತರರು ಬಾಗಿಲಿಗೆ ಬಂದರು.

“ಪುಸ್ತಕದಾಗ ಇಲ್ಲದ್ದು ಯಾಕ ಬರಸ್ತೀರಿ? ಯಾರರ ಫೋಟೋ ಹೊಡದು ಗ್ರೂಪಿನ್ಯಾಗ ಹಾಕಿದ್ರ?”

“ಹಾಕ್ಲಿ ಬಿಡ್ರಿ ಸರ್,” ಎಂದುಬಿಟ್ಟೆ.

ಅಂದೆನೇ ಹೊರತು ಸಂಜೆ ಮನೆಯ ಬಸ್ಸಿನಲ್ಲಿ ಕೂತಾಗ, ಯಾರಾದರೂ ಫೋಟೋ ಹಾಕಿದರೇನೋ ಎಂದು ಅದೇ ಕೆಲಸ. ಫೋನು ತೆಗೆಯುವುದು, ನೋಡುವುದು, ಚೀಲಕ್ಕೆ ಹಾಕುವುದು, ಮತ್ತೆ ತೆಗೆಯುವುದು. ಪಕ್ಕದ ಹೆಂಗಸು ಕೇಳಿಯೇಬಿಟ್ಟಳು: “ಮನ್ಯಾಗ ಯಾರಿಗರ ಆರಾಮಿಲ್ಲೇನ್ರಿ?” ಇಲ್ಲವೆಂದೆ. ಏನೆಂದು ಹೇಳಲಿ?

ಯಾರೂ ಫೋಟೋ ಹಾಕಲಿಲ್ಲ. ಮರುದಿನ ಹೋದರೆ ಬೋರ್ಡು ಸ್ವಚ್ಛವಾಗಿತ್ತು. ಒರೆಸಿದ್ದು ಯಾರೆಂದು ಕೇಳಲು ಧೈರ್ಯವಾಗಲಿಲ್ಲ. ಹಾಜರಿ ಕರೆದು ಮುಗಿಸಿ, ಬಾಗಿಲ ಕಡೆ ಒಮ್ಮೆ ನೋಡಿ, ಮಕ್ಕಳಿಗೆ ಹೇಳಿದೆ: “ಇವತ್ತ ಯಾರೂ ಜಗಳಾಡಬ್ಯಾಡ್ರಿ. ಒಬ್ಬೊಬ್ಬರ ಬಂದು ನೀವ ಬರೀರಿ.”