ಹಳದಿ ಗುಳಿಗೆ, ಬಿಳಿ ಗುಳಿಗೆ

ನಮ್ಮ ಮನೆಯಲ್ಲಿ ನೆಗಡಿ ಬಂದವರಿಗೆ ಹುಳಿ ನಿಷಿದ್ಧ. ಅದರಲ್ಲೂ ಅಕ್ಕ ಸೀನಿದರೆ ಸಾಕು, ಅವ್ವ ಹುಣಸೆಹಣ್ಣಿನ ಡಬ್ಬಿಯನ್ನೇ ಅಟ್ಟಕ್ಕೇರಿಸುತ್ತಿದ್ದಳು. ಅಕ್ಕನ ನೆಗಡಿ ಎರಡು ದಿನ ಮೂಗಿನಲ್ಲಿದ್ದು, ಆಮೇಲೆ ಎದೆಗಿಳಿದು ದಮ್ಮಾಗುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಚಳಿಗಾಲ, ಇಳಕಲ್ಲಿನ ನಮ್ಮ ಡಾಕ್ಟರು ನೆಗಡಿ ಶುರುವಾದ ದಿನವೇ ಅಕ್ಕನಿಗೆ ಒಂದು ಪೊಟ್ಟಣದಲ್ಲಿ ಎರಡು ಬಗೆಯ ಗುಳಿಗೆ ಕೊಟ್ಟರು. ಬಿಳಿಯವು ದಮ್ಮು ಏಳದಿರಲೆಂದು, ಹಳದಿಯವು ಸಿ ವಿಟಮಿನ್. ಅವ್ವ ಮನೆಗೆ ಬಂದವಳೇ ಹಳದಿಯದೊಂದನ್ನು ನಾಲಗೆಯ ತುದಿಗೆ ಮುಟ್ಟಿಸಿದಳು. ಮುಖ ಹಿಂಡಿದ ಲಿಂಬೆಯಾಯಿತು.

“ಅಯ್ಯ, ಹುಳಿ! ಇದನ್ನ ತಿಂದ್ರ ಇರೂ ಉಸುರೂ ಹೋಗ್ತೈತಿ. ಡಾಕ್ಟರಿಗೆ ತೆಲಿ ಐತೋ ಇಲ್ಲೋ?”

ಪೊಟ್ಟಣ ಇಡಿಯಾಗಿ ಉಪ್ಪಿನ ಗಡಿಗೆಯ ಹಿಂದೆ ಹೋಯಿತು.

ನಾನಾಗ ಕಾಲೇಜಿನ ಮೊದಲ ವರ್ಷ. ಪಾಠಕ್ಕಿಂತ ಪಾಠ ಹೇಳುವವರ ದನಿ ನನಗೆ ಬೇಗ ಬರುತ್ತಿತ್ತು. ಅವ್ವ ಹಿತ್ತಲಿಗೆ ಹೋದಾಗ ಹಳದಿ ಗುಳಿಗೆಯೊಂದನ್ನು ಕದ್ದು, ಡಾಕ್ಟರ ಮೂಗುದನಿಯಲ್ಲಿ ಅಕ್ಕನ ಮುಂದೆ ನಿಂತೆ: “ಬಾಯಿ ತಗೀ ತಂಗೀ. ಚೀಪು. ಮುಖ ಆಮ್ಯಾಲೆ ಸರಿ ಮಾಡ್ಕೊ.”

ಮಗ್ಗದಲ್ಲಿ ಕೂತಿದ್ದ ಅಕ್ಕ ನಕ್ಕು ಬಾಯಿ ತೆರೆದಳು. ಒಂದು ಕಣ್ಣು ಮುಚ್ಚಿತು, ಮೂಗು ಮೇಲೇರಿತು, ಕಿವಿಯೂ ಅಲುಗಿತು. ಆ ಮುಖಕ್ಕಾಗಿ ಮೂರು ದಿನ ಕದ್ದು ಕೊಟ್ಟೆ. ಬಿಳಿಯದನ್ನು ನುಂಗಿದರೆ ಯಾರೂ ಮುಖ ಕಿವಿಚುವುದಿಲ್ಲ. ಅದನ್ನು ಮುಟ್ಟಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಮಗ್ಗದ ಸದ್ದು ನಿಂತಿತು. ಅಲ್ಲಿಂದ ಸುಂಯ್, ಸುಂಯ್ ಎಂದು ಕೇಳಿತು.

“ಸಾಕು ಮಾಡೋ ಭಾಡ್ಯಾ! ಅಕಿ ದಮ್ಮಿನ ನಕಲು ಮಾಡಬ್ಯಾಡಂತ ಎಷ್ಟ ಸಲ ಹೇಳ್ಲಿ?” ಅವ್ವ ಒಲೆಯ ಮುಂದಿನಿಂದಲೇ ಕೂಗಿದಳು.

“ಅವ್ವಾ, ನಾ ಇಲ್ಲೇ ಅದೇನಿ.” ಅವಳ ಬೆನ್ನ ಹಿಂದೆಯೇ ನಿಂತಿದ್ದೆ.

ಅಕ್ಕ ಅರ್ಧ ನೇಯ್ದ ಸೀರೆಯ ಮೇಲೆ ಎರಡೂ ಕೈ ಊರಿ, ಭುಜ ಎತ್ತೆತ್ತಿ ಉಸಿರೆಳೆಯುತ್ತಿದ್ದಳು. ತುಟಿ ನೀಲಿಗಟ್ಟುತ್ತಿತ್ತು. ಟಾಂಗಾದಲ್ಲಿ ಅವ್ವ ಅವಳ ಬೆನ್ನು ತಿಕ್ಕುತ್ತ “ಏನ್ ತಿಂದಿಯವ್ವಾ?” ಎಂದು ಮತ್ತೆ ಮತ್ತೆ ಕೇಳಿದಳು. ಅಕ್ಕ ನನ್ನ ಕಡೆ ನೋಡಿದಳು. ಹೇಳಲಿಲ್ಲ, ಹೇಳಲು ಉಸಿರೂ ಇರಲಿಲ್ಲ. ಅಕ್ಕನನ್ನು ನಾನೇ ಕೊಂದೆ ಅಂದುಕೊಂಡೆ.

ದವಾಖಾನೆಯಲ್ಲಿ ಸೂಜಿ ಚುಚ್ಚುತ್ತ ಡಾಕ್ಟರು ಕೇಳಿದರು: “ಗುಳಿಗಿ ಎಷ್ಟು ಕೊಟ್ರಿ?”

ಹೆದರಿಕೆಗೆ ನನ್ನ ದನಿ ಎಲ್ಲಿ ಹೋಗಿತ್ತೋ, ಬಂದದ್ದು ಅವರದೇ ಮೂಗುದನಿ: “ಹಳದಿದು ಮೂರ್ರಿ. ದಿನಕ್ಕೊಂದು.”

ಡಾಕ್ಟರು ತಲೆಯೆತ್ತಿ ನೋಡಿದರು. ಅಷ್ಟರಲ್ಲಿ ಅವ್ವ ಕಪಾಳಕ್ಕೆ ಬಾರಿಸಿದ್ದಳು. “ಹುಳಿ ತಿನಿಸಿ ಕೊಂದೆಲ್ಲೋ!”

“ಹೊಡೀಬ್ಯಾಡ್ರಿ. ಇದು ಹುಳಿಗೆ ಎದ್ದಿಲ್ಲ, ನೆಗಡಿಗೆ ಎದ್ದೈತಿ. ಆ ಗುಳಿಗಿ ನೆಗಡ್ಯಾಗ ಕೆಲವರಿಗೆ ಒಂದೀಟು ಆಸರಾಗಬಹುದು, ಆಗದೇ ಇರಬಹುದು. ಬಿಳಿದು ಎಷ್ಟು ಕೊಟ್ರಿ?”

ಅವ್ವ ನನ್ನ ಮುಖ ನೋಡಿದಳು, ನಾನು ಅವಳದು.

“ಒಂದೂ ಇಲ್ಲ?” ಎಂದರು ಡಾಕ್ಟರು. ಮೂಗುದನಿ ಮಾಯವಾಗಿತ್ತು. ಹಾಗೆ ಕೇಳಿದ ಆ ದನಿಯನ್ನು ಇಂದಿಗೂ ನಾನು ನಕಲು ಮಾಡಿಲ್ಲ.

ಪ್ರತಿ ಉಸಿರಿಗೂ ಅಕ್ಕನ ಕತ್ತಿನ ಕುಳಿ ಒಳಗೆಳೆದುಕೊಳ್ಳುತ್ತಿತ್ತು. ನಾನು ಅದನ್ನೇ ನೋಡುತ್ತ ಕೂತೆ. ಬಹಳ ಹೊತ್ತಿನ ಮೇಲೆ ಅದರ ಆಳ ಕಡಿಮೆಯಾದಂತೆ ಕಂಡಿತು. ಅಳುತ್ತಿದ್ದೇನೆಂದು ಗೊತ್ತಾದದ್ದು ನನ್ನ ಮೂಗು ಸೊರಸೊರ ಅಂದಾಗಲೇ.

ಅಕ್ಕ ಕಣ್ಣು ತೆರೆದು ನನ್ನತ್ತ ತಿರುಗಿದಳು. ಕೆಳತುಟಿ ಇಳಿಬಿಟ್ಟು, ಗಲ್ಲ ನಡುಗಿಸಿ, ಮೂಗಿನಲ್ಲಿ ರಾಗ ಎಳೆದಳು: “ಹಳದಿದು ಮೂರ್ರೀ, ದಿನಕ್ಕೊಂದೂ…”

ಒಂದೇ ಉಸಿರಿನಲ್ಲಿ, ನಡುವೆ ಎಲ್ಲೂ ನಿಲ್ಲದೆ.