ಬಿಬಿಕ್ ಮನೆಯ ಹುಣ್ಣಿಮೆ ಲಕ್ಸಾ

ಟೆಕ್ಸಸ್ಸಿನ ಮರ್ಫಿ ಊರಿನ ನಿರುಪಮಾ ಅಡುಗೆ ಮಾಡುವುದನ್ನು ಮೊದಲ ಸಲ ನೋಡಿದವರು ಗೊಂದಲಕ್ಕೆ ಬೀಳುತ್ತಾರೆ. ಒಲೆಯ ಪಕ್ಕದಲ್ಲಿ ತೆಂಗಿನಹಾಲು, ಅರಿಶಿನ, ನೆನೆಸಿದ ಒಣಮೆಣಸಿನಕಾಯಿ. ಇಷ್ಟನ್ನೇ ನೋಡಿದರೆ ಉಡುಪಿ ಕಡೆಯ ಅಡುಗೆ ಅನ್ನಬೇಕು. ಅದರ ಜೊತೆಗೆ ನಿಂಬೆಹುಲ್ಲಿನ ಬಿಳಿ ಬುಡ, ಗಲಂಗಲ್ ಎಂಬ ಶುಂಠಿ ಜಾತಿಯ ಬೇರು. ಹತ್ತಿರದ ಊರು ಗಾರ್ಲೆಂಡಿನ ವಿಯೆಟ್ನಾಮಿನವರ ಅಂಗಡಿಯಿಂದ ತಂದ, ಮೂಗಿಗೆ ಹತ್ತುವ ವಾಸನೆಯ ಉದ್ದೆಲೆಯ ಸೊಪ್ಪು ಒಂದು ಕಂತೆ. ಸೊಪ್ಪನ್ನು ಕೊನೆಗೆ ಎಂದು ಬದಿಗಿಟ್ಟು, ಉಳಿದದ್ದನ್ನು ನುಣ್ಣಗೆ ರುಬ್ಬಿ, ಸಣ್ಣ ಉರಿಯಲ್ಲಿ ಎಣ್ಣೆ ಬಿಡುವವರೆಗೆ ಹುರಿಯುತ್ತಾಳೆ. ಮಲೇಷ್ಯಾದ ಮಲಾಕಾದಲ್ಲಿ ಈ ಮಸಾಲೆಗೆ ರೆಂಪಾ ಎನ್ನುತ್ತಾರೆ. ರೆಂಪಾಕ್ಕೆ ತೆಂಗಿನಹಾಲು ಬಿದ್ದು ಕುದಿದು, ಅಕ್ಕಿ ಶಾವಿಗೆಯ ಮೇಲೆ ಸುರಿದರೆ ಲಕ್ಸಾ.

ನಿರುಪಮಾ ಹುಟ್ಟಿದ್ದು ಮಲಾಕಾದಲ್ಲಿ. ತಂದೆ ಭೀಮಸೇನ ರಾಯರು ಅಲ್ಲಿನ ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿದ್ದರು. ಮನೆ ತೆಂಗ್ಕೆರಾ ರಸ್ತೆಯಲ್ಲಿ, ಸಾಲುಮನೆಗಳ ನಡುವೆ. ಒಂದೇ ಗೋಡೆಯ ಆಚೆ ಬದಿಗೆ ಸ್ವೀ ನಿಯೊ ಎಂಬ ನೋನ್ಯಾ ಹೆಂಗಸಿನ ಸಂಸಾರ. ತಲೆತಲಾಂತರದಿಂದ ಮಲಾಕಾದಲ್ಲಿ ನೆಲೆನಿಂತು, ಅಲ್ಲಿನ ಮಲಯ್ ಮಾತನ್ನೂ ಮಸಾಲೆಯನ್ನೂ ತಮ್ಮದಾಗಿಸಿಕೊಂಡ ಚೀನೀ ಮನೆತನಗಳ ಹೆಂಗಸರನ್ನು ನೋನ್ಯಾ ಎನ್ನುತ್ತಾರೆ. ಹಿರಿಯ ನೋನ್ಯಾಗೆ ಬಿಬಿಕ್ ಎನ್ನುವುದು ಅಲ್ಲಿನ ಮರ್ಯಾದೆ. ಬಿಬಿಕ್ ಅವರ ಮಗಳು ಗಿಯೋಕ್ ಲಾನ್ ನಿರುಪಮಾಗಿಂತ ಎರಡು ವರ್ಷ ದೊಡ್ಡವಳು. ಅವಳನ್ನು ನಿರುಪಮಾ ಕರೆಯುತ್ತಿದ್ದದ್ದು ತಾಚಿ ಎಂದು, ಅಂದರೆ ಅಕ್ಕ.

ಪಕ್ಕದ ಮನೆಯಲ್ಲಿ ಉಣ್ಣಲು ನಿರುಪಮಾಗೆ ತಿಂಗಳಲ್ಲಿ ಎರಡೇ ದಿನ ಅಪ್ಪಣೆ. ಚೀನೀ ತಿಂಗಳ ಮೊದಲ ದಿನ, ಮತ್ತೆ ಹದಿನೈದನೆಯ ದಿನವಾದ ಹುಣ್ಣಿಮೆ. ಆ ಎರಡು ದಿನ ಬಿಬಿಕ್ ಮಾಂಸ ಮುಟ್ಟುತ್ತಿರಲಿಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಆ ದಿನಗಳಿಗೆಂದೇ ಬೇರೆ ಬಾಣಲೆ, ಬೇರೆ ಮಡಕೆ, ಬೇರೆ ಸೌಟು. ನಿರುಪಮಾಳ ತಾಯಿ ಲಲಿತಮ್ಮ ಮಾಧ್ವರ ಮನೆಯವರು. ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲಿನಿಂದ ಹೋಗಿ ಪಾತ್ರೆಗಳನ್ನು ಒಂದೊಂದಾಗಿ ನೋಡಿ ಬಂದರು. ಆಮೇಲೆ ಮಗಳಿಗೆ ಹೇಳಿದರು: "ಆ ಎರಡು ದಿನ ಹೋಗು. ಮೂರನೇ ದಿನ ಕಾಲಿಟ್ಟರೆ ನೋಡು."

ಹುಣ್ಣಿಮೆಯ ದಿನ ಅಲ್ಲಿ ಲಕ್ಸಾ ಆಗುತ್ತಿತ್ತು. ಪಕ್ಕದ ಮನೆಯ ರುಚಿಯೆಂದರೆ ಅದೇ ಎಂದು ಮೂರನೆಯ ತರಗತಿಯಿಂದ ಹದಿನೇಳು ತುಂಬುವವರೆಗೆ ನಿರುಪಮಾಗೆ ಖಾತ್ರಿಯಾಗಿತ್ತು. ತಂದೆ ನಿವೃತ್ತರಾಗಿ, ಸಂಸಾರ ಹಡಗು ಹತ್ತಿ ಮೈಸೂರು ಸೇರಿದ್ದು ೧೯೭೪ರಲ್ಲಿ. ಅಲ್ಲಿ ನಿಂಬೆಹುಲ್ಲೂ ಇಲ್ಲ, ಆ ಸೊಪ್ಪೂ ಇಲ್ಲ, ಕೇಳುವವರೂ ಇಲ್ಲ. ಮದುವೆಯಾಯಿತು. ಮಗಳು ನಿಖಿತಾ ಹುಟ್ಟಿದಳು. ಲಲಿತಮ್ಮ ತೀರಿಕೊಂಡರು. ೧೯೯೪ರಲ್ಲಿ ಗಂಡ ಮೋಹನರಾಜನ ಕೆಲಸ ಟೆಕ್ಸಸ್ಸಿನ ಲಾಸ್ ಕೊಲಿನಾಸ್‌ಗೆ ಬಂತು.

ಆ ವರ್ಷದ ಬೇಸಿಗೆಯಲ್ಲಿ, ಅಕ್ಕಿ ಶಾವಿಗೆ ಸಿಗುತ್ತದೆಂದು ಯಾರೋ ಹೇಳಿದ ಗಾರ್ಲೆಂಡಿನ ಅಂಗಡಿಗೆ ಹೋದವಳು ಸೊಪ್ಪಿನ ಕಂತೆಗಳ ಮುಂದೆ ನಿಂತುಬಿಟ್ಟಳು. ಇಪ್ಪತ್ತು ವರ್ಷ ಮೂಗಿಗೆ ಬೀಳದ ವಾಸನೆ ಅಲ್ಲಿತ್ತು. ಅಂದಿನಿಂದ ಹುಣ್ಣಿಮೆಗೊಂದು ಲಕ್ಸಾ ಶುರುವಾಯಿತು.

ಬಣ್ಣ ಬಂತು. ಖಾರ ಬಂತು. ಸೊಪ್ಪಿನ ಕಂಪು ಬಂತು. ಆದರೆ ಬಾಯಿಗಿಟ್ಟುಕೊಂಡು ನುಂಗಿದ ಮೇಲೆ ಗಂಟಲಿನ ಹತ್ತಿರ ಉಳಿಯುತ್ತಿದ್ದ ಒಂದು ರುಚಿ, ಅದು ಬರಲಿಲ್ಲ. ಬೇರೆ ದಿನಗಳಲ್ಲಿ ನೋನ್ಯಾ ರೆಂಪಾಕ್ಕೆ ಬ್ಲಾಚಾನ್ ಎಂಬ ಹುಳಿಸಿದ ಸಿಗಡಿ ಮುದ್ದೆ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಸಸ್ಯಾಹಾರದ ದಿನ ಬಿಬಿಕ್ ಅದರ ಜಾಗದಲ್ಲಿ ಏನನ್ನೋ ಹಾಕುತ್ತಿದ್ದಿರಬೇಕು. ಚೀನೀ ಪದಾರ್ಥವೇ ಆಗಿರಬೇಕು. ಹುಳಿಸಿದ ಸೋಯಾ ಹಾಕಿ ನೋಡಿದಳು. ಒಣ ಅಣಬೆ, ಕಡಲಪಾಚಿ, ಉಪ್ಪಿನಲ್ಲಿಟ್ಟ ಮೂಲಂಗಿ, ಕೆಂಪು ರಸದಲ್ಲಿ ಕೊಳೆಸಿದ ತೋಫು. ಹ್ಯೂಸ್ಟನ್ನಿನ ಬೆಲೇರ್ ರಸ್ತೆಯ ಚೀನೀ ಅಂಗಡಿಗಳಲ್ಲಿ ಹೆಸರು ಗೊತ್ತಿಲ್ಲದ ಬಾಟಲಿಗಳನ್ನು ಕೊಂಡು ತಂದಳು. ಮಗಳು ದೊಡ್ಡವಳಾದ ಮೇಲೆ, ಪ್ರತಿ ಹೊಸ ಪ್ರಯೋಗದ ಒಂದು ಡಬ್ಬಿ ಆಸ್ಟಿನ್ನಿನಲ್ಲಿ ಕೆಲಸಕ್ಕಿದ್ದ ನಿಖಿತಾಗೆ ಹೋಗುತ್ತಿತ್ತು. ತಿಂದು ಅವಳು ವಿಡಿಯೋ ಕರೆಯಲ್ಲಿ ಹೇಳುವುದು ಒಂದೇ ಮಾತು.

"ಅಮ್ಮಾ, ಇಟ್ಸ್ ಪರ್ಫೆಕ್ಟ್. ವೈ ಆರ್ ಯೂ ಮೇಕಿಂಗ್ ದಟ್ ಫೇಸ್?"

"ಇದಲ್ಲ ಪುಟ್ಟಿ."

ಬಿಬಿಕ್ ಕಾಲವಾಗಿ ದಶಕಗಳಾಗಿದ್ದವು. ಕೇಳಬಹುದಾಗಿದ್ದವಳು ಒಬ್ಬಳೇ. ಅವಳು ೨೦೧೫ರಲ್ಲಿ, ಮಲಾಕಾದ ಕಾನ್ವೆಂಟ್ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಫೇಸ್‌ಬುಕ್ ಗುಂಪಿನಲ್ಲಿ ಸಿಕ್ಕಳು. ಗಿಯೋಕ್ ಲಾನ್ ಇದ್ದದ್ದು ಟೆಕ್ಸಸ್ಸಿನಲ್ಲೇ. ಹ್ಯೂಸ್ಟನ್ ಆಚೆಯ ಫುಲ್‌ಶೀರ್‌ನಲ್ಲಿ, ತೈಲ ಕಂಪನಿಯ ಎಂಜಿನಿಯರ್ ಮಗನ ಮನೆಯಲ್ಲಿ. ಫೋನಿನಲ್ಲಿ ಇಬ್ಬರೂ ಮಲಾಕಾದ ಮಲಯ್‌ನಲ್ಲಿ ಶುರುಮಾಡಿ, ಮರೆತ ಕಡೆ ಇಂಗ್ಲಿಷ್ ತುಂಬಿಕೊಂಡು ಎರಡು ಗಂಟೆ ಮಾತಾಡಿದರು. ಕೊನೆಗೆ ನಿರುಪಮಾ ಕೇಳಿದಳು.

"ನನ್ನ ಕೇಳ್ತೀಯಲ್ಲ ನಿರು! ನಾನು ಅಡುಗೆಮನೆ ಕಡೆ ತಲೆ ಹಾಕಿದ್ದು ಯಾವಾಗ? ತಿನ್ನೋಕೆ ಕೊಡು, ಅಮ್ಮಂದು ಹೌದೋ ಅಲ್ಲವೋ ಹೇಳ್ತೀನಿ. ಮಾಡೋದು ಕೇಳಬೇಡ."

ಬರುತ್ತೇನೆ, ಹೋಗುತ್ತೇನೆ ಎನ್ನುವುದರಲ್ಲೇ ತಿಂಗಳುಗಳು ಕಳೆದವು. ೨೦೧೬ರ ವಸಂತದಲ್ಲಿ ತೈಲದ ಬೆಲೆ ಬಿದ್ದು ಲಾನ್‌ಳ ಮಗನ ಕೆಲಸ ಹೋಯಿತು. ಜೂನ್ ಮೊದಲ ವಾರ ಎಲ್ಲರೂ ಮಲೇಷ್ಯಾಕ್ಕೆ, ವಾಪಸು ಬರುವ ಮಾತಿಲ್ಲ. ಅದಕ್ಕೆ ಮುಂಚೆ ಉಳಿದದ್ದು ಒಂದು ಹುಣ್ಣಿಮೆ, ಮೇ ಇಪ್ಪತ್ತೊಂದು, ಶನಿವಾರ. ಅದೊಂದು ನಾಲಿಗೆ ಟೆಕ್ಸಸ್ ಬಿಟ್ಟು ಹೋಗುವ ಮೊದಲು ನಿರುಪಮಾಗೆ ಉತ್ತರ ಬೇಕಿತ್ತು.

ಆ ಶನಿವಾರ ಗಂಡ ಹೆಂಡತಿ ಬೆಳಿಗ್ಗೆ ಆರಕ್ಕೆ ಹೊರಟರು. ಹುರಿದ ರೆಂಪಾದ ಡಬ್ಬಿ ಐಸ್ ಪೆಟ್ಟಿಗೆಯಲ್ಲಿ, ಸೊಪ್ಪಿನ ಕಂತೆ ಒದ್ದೆ ಬಟ್ಟೆಯಲ್ಲಿ.

"ಐದು ಗಂಟೆ ಡ್ರೈವ್ ಮಾಡ್ಕೊಂಡು ಹೋಗಿ ಅವರ ಅಮ್ಮನ ಅಡುಗೆ ಅವರಿಗೇ ಬಡಿಸ್ತೀಯ," ಎಂದ ಮೋಹನರಾಜ. "ಚೆನ್ನಾಗಿಲ್ಲ ಅಂದ್ರೆ?"

"ಅಂದ್ರೆ ಅನ್ಲಿ. ನೀವು ರಸ್ತೆ ನೋಡಿ."

ಫುಲ್‌ಶೀರ್‌ನ ಮನೆ ಅರ್ಧ ಖಾಲಿಯಾಗಿತ್ತು. ಗೋಡೆಗೊರಗಿಸಿದ ಹಾಸಿಗೆಗಳು, ಟೇಪು ಹಚ್ಚಿದ ರಟ್ಟಿನ ಡಬ್ಬಗಳು. ಬಾಗಿಲಲ್ಲಿ ನಿಂತ ಕುಳ್ಳಗಿನ ಬಿಳಿಗೂದಲ ಹೆಂಗಸನ್ನು ನಿರುಪಮಾ ಗುರುತು ಹಿಡಿದದ್ದು, ಅವಳು ಸೊಂಟದ ಮೇಲೆ ಕೈಯಿಟ್ಟ ರೀತಿಯಿಂದ.

"ದಪ್ಪಗಾಗಿದೀಯ," ಎಂದಳು ಲಾನ್.

"ನೀನು ಬಿಬಿಕ್ ಆಗಿದೀಯ ತಾಚಿ."

ಪ್ಯಾಕ್ ಆಗದೆ ಉಳಿದಿದ್ದ ಒಂದು ಪಾತ್ರೆಯಲ್ಲಿ ನಿರುಪಮಾ ಲಕ್ಸಾ ಕುದಿಸಿದಳು. ಲಾನ್ ಎರಡು ಚಮಚ ಕುಡಿದಳು, ಶಾವಿಗೆ ಎತ್ತಿ ತಿಂದಳು, ಮತ್ತೆ ಕುಡಿದಳು. ನಿರುಪಮಾ ಕೂರಲಿಲ್ಲ.

"ಚೆನ್ನಾಗಿದೆ."

"ಚೆನ್ನಾಗಿದೆಯೋ ಇಲ್ಲವೋ ಕೇಳಲಿಲ್ಲ."

"ಒಳ್ಳೇ ಹೋಟೆಲಿನ ಲಕ್ಸಾ ಇದು. ದುಡ್ಡು ಕೊಟ್ಟು ತಿಂತೀನಿ." ಲಾನ್ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದಳು. "ಅಮ್ಮಂದಲ್ಲ. ಇದರಲ್ಲಿ ನಿಮ್ಮನೆ ವಾಸನೆ ಎಲ್ಲಿ?"

"ನಮ್ಮನೆ ವಾಸನೆ?"

"ಹುಣ್ಣಿಮೆ ದಿನ ನಮ್ಮನೇಲಿ ನಿಮ್ಮನೆ ವಾಸನೆ ಬರ್ತಿತ್ತಲ್ಲೇ. ಅಪ್ಪ ರೇಗಿಸೋರು, ಇವತ್ತು ಪಕ್ಕದ ಮನೆಯವರು ನಮ್ಮಲ್ಲೇ ಠಿಕಾಣಿ ಹೂಡಿದಾರೆ ಅಂತ. ನಿಮ್ಮಮ್ಮ ಕೊಡ್ತಿದ್ರು. ಕಂದು ಕಲ್ಲು. ಕಾಗದದಲ್ಲಿ ಕಟ್ಟಿ ಹಿತ್ತಿಲ ಗೋಡೆ ಮೇಲಿಂದ. ಬ್ಲಾಚಾನ್ ಇಲ್ಲ, ಈರುಳ್ಳಿ ಇಲ್ಲ, ಸಾರು ಸಪ್ಪೆ ಅಂತ ಅಮ್ಮ ಗೋಳಾಡಿದ್ದಕ್ಕೆ ಕೊಟ್ಟಿದ್ದಂತೆ. ಅದನ್ನ ಒಂದು ಚೂರು ಒಡೆದು ಮೊದಲು ಎಣ್ಣೆಗೆ ಹಾಕೋರು. ಹಸಿಯಾಗಿದ್ದರೆ ನಾರುತ್ತೆ. ಹುರಿದ ಮೇಲೆ..."

ನಿರುಪಮಾ ಕುರ್ಚಿ ಎಳೆದುಕೊಂಡು ಕೂತಳು.

"ಇಂಗು," ಎಂದಳು ಕನ್ನಡದಲ್ಲಿ.

"ಇಂಗೋ ಗಿಂಗೋ. ನನಗೇನು ಗೊತ್ತು?"

ಇಪ್ಪತ್ತೆರಡು ವರ್ಷ ಅವಳು ಆ ರೆಂಪಾಕ್ಕೆ ಜಗತ್ತಿನದ್ದೆಲ್ಲ ಹಾಕಿದ್ದಳು, ಇದೊಂದನ್ನು ಬಿಟ್ಟು. ಚೀನೀ ಅಡುಗೆಗೆ ಇಂಗು ಹಾಕುವುದು ಅವಳ ಕಣ್ಣಿಗೆ ಕೆಡಿಸುವ ಕೆಲಸವಾಗಿತ್ತು. ಮಗುವಾಗಿದ್ದಾಗ ಆ ವಾಸನೆಯನ್ನು ಅವಳ ಮೂಗು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ಗೋಡೆಯ ಈಚೆಯ ಗಾಳಿಯೇ ಅದಾಗಿತ್ತು. ಗೋಡೆಯ ಆಚೆಗೆ ಹೋದಾಗ ಅದು ರುಚಿಯಾಗಿ ಸಿಕ್ಕಿ, ಅವರದ್ದು ಎಂದು ಅವಳಲ್ಲಿ ಉಳಿದುಕೊಂಡಿತ್ತು.

ಲಾನ್‌ಳ ಮನೆಯಲ್ಲಿ ಇಂಗಿರಲಿಲ್ಲ. ಮೋಹನರಾಜ ಎದ್ದ. ಬರುವಾಗ ನಾಲ್ಕು ಮನೆ ಆಚೆ ಬಾಗಿಲಿಗೆ ಪ್ಲಾಸ್ಟಿಕ್ ಮಾವಿನೆಲೆಯ ತೋರಣ ನೋಡಿದ್ದನಂತೆ. ಹೋಗಿ ಬೆಲ್ ಒತ್ತಿದ. ತೆರೆದವಳು ಧಾರವಾಡದ ಪ್ರಭಾ. ಇವನು ಇಂಗ್ಲಿಷಿನಲ್ಲಿ ಸಂಕೋಚಪಡುತ್ತ ಶುರುಮಾಡಿ, ಒಳಗೆ ಯಾರೋ ಕನ್ನಡದಲ್ಲಿ ಕೂಗಿದ್ದು ಕೇಳಿ ನಿರಾಳನಾದ.

"ಇಂಗ್ ಏನ್ರಿ? ಅಯ್ಯ, ಅದಕ್ಕ ಇಷ್ಟ್ ಯಾಕ ಹೆದರ್ತೀರಿ, ಒಳಗ ಬರ್ರಿ. ಯಾರ ಮನೀಗೆ ಬಂದೀರಿ?"

"ಅಲ್ಲಿ, ಮಲೇಷ್ಯಾದವರ ಮನೆಗೆ."

"ಅವ್ರಿಗ್ಯಾಕ್ರಿ ಇಂಗು?"

"ಅದು ದೊಡ್ಡ ಕಥೆ," ಎಂದ ಮೋಹನರಾಜ.

"ಹಂಗಾರ ಚಾ ಕುಡೀರಿ."

ಚಹಾ ಕುಡಿಸದೆ ಬಿಡಲಿಲ್ಲ. ಕಾಲು ಗಂಟೆಯ ಮೇಲೆ ಒಂದು ಚಿಕ್ಕ ಡಬ್ಬಿ ಹಿಡಿದು ಬಂದ. ಪುಡಿಯಲ್ಲ, ಗಟ್ಟಿ ಇಂಗೇ. ಪ್ರಭಾಳ ಅತ್ತೆ ಊರಿಂದ ತಂದದ್ದು.

ನಿರುಪಮಾ ಉಳಿದ ರೆಂಪಾವನ್ನು ಪಾತ್ರೆಗೆ ಸುರಿಯುವ ಮೊದಲು ಎಣ್ಣೆ ಕಾಯಿಸಿ, ಕಡಲೆಗಾತ್ರದ ಚೂರು ಹಾಕಿದಳು. ಅದು ಉಬ್ಬಿ, ಅಂಚು ಕೆಂಪಾಯಿತು. ಲಾನ್ ರಟ್ಟಿನ ಡಬ್ಬಕ್ಕೆ ಟೇಪು ಹಚ್ಚುತ್ತಿದ್ದವಳು ಹಾಗೆಯೇ ನಿಂತಳು. ಎರಡನೆಯ ಬಟ್ಟಲನ್ನು ಅವಳು ನಿಂತೇ ಉಂಡಳು. ನಡುವೆ ಒಮ್ಮೆ ತೋಳಿನಿಂದ ಮುಖ ಒರೆಸಿಕೊಂಡಳು. ಬಟ್ಟಲು ಎತ್ತಿ ತಳದ ರಸವನ್ನೂ ಕುಡಿದಳು.

"ಅಮ್ಮಂದೇ," ಎಂದಳು. "ನಿನಗೆ?"

ನಿರುಪಮಾ ತನ್ನ ಬಟ್ಟಲನ್ನು ನೋಡಿದಳು. ಸುಳ್ಳು ಹೇಳಬಹುದಿತ್ತು.

"ನನಗೆ ಗೊತ್ತಾಗ್ತಿಲ್ಲ ತಾಚಿ. ಇಂಗನ್ನ ದಿನಾ ತಿಂತೀನಲ್ಲ. ನಾಲಿಗೆಗೆ ನಮ್ಮನೆ ಸಾರಿನ ಹಾಗೇ ಹೋಗ್ತಿದೆ."

ಲಾನ್ ತನ್ನ ತಾಯಿಯ ಹಾಗೆಯೇ ದನಿಯೇರಿಸಿ ಬೈದಳು. "ದಡ್ಡಿ! ಹಾಗಾದ್ರೆ ಒಂದು ತಿಂಗಳು ತಿನ್ನಬೇಡ. ನಾಲಿಗೆ ಮರೀಲಿ. ಮುಂದಿನ ಹುಣ್ಣಿಮೆಗೆ ಹಾಕ್ಕೋ."

"ಒಂದು ತಿಂಗಳು?" ಎಂದ ಮೋಹನರಾಜ. ನಡುವಿನ ಇಂಗ್ಲಿಷಿನಲ್ಲಿ ಅಷ್ಟೇ ಅವನಿಗೆ ಸಿಕ್ಕಿತ್ತು; ಉಳಿದ ಮಾತು ಅರ್ಥವಾಗದಿದ್ದರೂ ತನಗೇ ಏನೋ ಕಾದಿದೆ ಎಂದು ಮುಖದಿಂದ ಗೊತ್ತಾಗಿತ್ತು.

ಹೌದು, ಅವನಿಗೇ ಕಾದಿತ್ತು. ಮರುದಿನದಿಂದ ಮರ್ಫಿಯ ಮನೆಯಲ್ಲಿ ಸಾರಿಗೆ ಇಂಗಿಲ್ಲ, ಹುಳಿಗೆ ಇಲ್ಲ, ಮಜ್ಜಿಗೆಯ ಒಗ್ಗರಣೆಗೂ ಇಲ್ಲ. ಇಂಗಿನ ಡಬ್ಬಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗರಾಜಿಗೆ ಹಾಕಿದಳು. ಸ್ನೇಹಿತರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿ ಬರೀ ಅನ್ನಕ್ಕೆ ಮೊಸರು ಕಲಸಿಕೊಂಡು ತಿಂದು ಬಂದಳು. ಎರಡನೆಯ ವಾರ ಮೋಹನರಾಜ ತಟ್ಟೆಯ ಮುಂದೆ ಕೂತು, "ಇದು ಸಾರಲ್ಲ ಕಣೇ, ಬೇಳೆ ತೊಳೆದ ನೀರು," ಎಂದ. "ಬಿಸಿ ಇದೆ, ಉಣ್ಣಿ," ಎಂದಳು. ಜೂನ್ ಐದರಂದು ಲಾನ್ ವಿಮಾನ ಹತ್ತುವ ಮೊದಲು ಹ್ಯೂಸ್ಟನ್ ನಿಲ್ದಾಣದಿಂದ ಫೋನ್ ಮಾಡಿದಳು. ಹೆಚ್ಚು ಮಾತಾಡಲಿಲ್ಲ. "ತಿನ್ನಲಿಲ್ಲ ತಾನೇ?" ಎಂದಷ್ಟೇ ಕೇಳಿ, "ಇಲ್ಲ" ಎಂದ ಮೇಲೆ ಇಟ್ಟಳು.

ಹುಣ್ಣಿಮೆ ಹತ್ತೊಂಬತ್ತಕ್ಕೆ ಬಂತು, ಭಾನುವಾರ. ಗರಾಜಿನಿಂದ ಡಬ್ಬಿ ತಂದು ನಿರುಪಮಾ ಎಣ್ಣೆ ಕಾಯಿಸಿದಳು. ಚೂರು ಎಣ್ಣೆಗೆ ಬಿದ್ದು ವಾಸನೆ ಎದ್ದ ಮೇಲೆ ಒಲೆ ಆರಿಸಿ, ಎರಡೂ ಕೈಯನ್ನು ಕಟ್ಟೆಯ ಮೇಲೆ ಊರಿ ನಿಂತಳು. ಹಜಾರದಿಂದ ಮೋಹನರಾಜನ ದನಿ ಬಂತು. ಅದರಲ್ಲಿ ಆಸೆಯಿತ್ತು.

"ಸಾರು ಮಾಡ್ತಿದ್ದೀಯೇನೇ?"

"ಅಲ್ಲ."

ಉಳಿದ ಕೆಲಸ ಮುಗಿಸಿ, ಬಟ್ಟಲು ಹಿಡಿದು ಅಡುಗೆಮನೆಯಲ್ಲೇ ಕೂತಳು. ಮೊದಲ ಚಮಚ ನುಂಗಿದಾಗ ಗಂಟಲಿನ ಹತ್ತಿರ ಅದು ಇತ್ತು. ಕಲ್ಲುಹಾಸಿನ ನೆಲದ ತಂಪು, ಬಿಬಿಕ್ ಅವರ ಬಳೆ ಮಡಕೆಯ ಅಂಚಿಗೆ ತಗಲುವ ಸದ್ದು, ಗೋಡೆಯ ಆಚೆಯಿಂದ "ಹೊಟ್ಟೆ ಬಿರಿಯೋ ಹಾಗೆ ತಿನ್ನಬೇಡ, ಬಾ" ಎಂಬ ಅಮ್ಮನ ಕೂಗು. ಎರಡನೆಯ ಚಮಚದಲ್ಲೂ ಇತ್ತು, ತುಸು ಕಡಿಮೆ. ಮೂರನೆಯದಕ್ಕೆ ನಾಲಿಗೆ ಒಗ್ಗಿಕೊಂಡುಬಿಟ್ಟಿತು. ಬಟ್ಟಲಿನಲ್ಲಿದ್ದದ್ದು ಒಳ್ಳೆಯ ಲಕ್ಸಾ, ಅಷ್ಟೇ.

ಅವಳು ಚಮಚ ಕೆಳಗಿಟ್ಟಳು. ಮಿಕ್ಕಿದ್ದನ್ನು ಗಂಡನಿಗೆ ಬಡಿಸಿ ಕೊಟ್ಟು, ಡಬ್ಬಿಯನ್ನು ಮತ್ತೆ ಎರಡು ಚೀಲದಲ್ಲಿ ಸುತ್ತಿದಳು.

"ಅದನ್ನ ಎಲ್ಲಿಗೆ ಒಯ್ತಿದ್ದೀಯ?" ಮೋಹನರಾಜ ಬಟ್ಟಲಿನಿಂದ ತಲೆಯೆತ್ತಿದ. "ತಿಂಗಳು ಮುಗೀತಲ್ಲ!"

"ಇನ್ನೊಂದು ತಿಂಗಳು," ಎನ್ನುತ್ತ ನಿರುಪಮಾ ಗರಾಜಿನ ಬಾಗಿಲು ತೆರೆದಳು.